ಶಾಲೆ ಬಿಡುವ ಮಕ್ಕಳಿಗೆ ಸಲ್ಲುವ ಗೌರವ: ಗಡಿನಾಡಿನ ಒಂದು ಹೈಸ್ಕೂಲಿನ ಕಡತಗಳ ನೆವದಿಂದ

ಚರಿತ್ರೆಯೆಂದೊಡನೆ ನಮ್ಮ ಅಧ್ಯಾಪಕ ಬಾಂಧವರ ಕಣ್ಣ ಮುಂದೆ ಕೋಟೆಗಳೂ ಶಾಸನಗಳೂ ಬಂದು ನಿಲ್ಲುವುದು ಸಹಜವೇ ಆಗಿದೆ. ಕಾಸರಗೋಡಿನ ನೆಲದಲ್ಲಿ ಅವುಗಳಿಗೆ ಕೊರತೆಯಿಲ್ಲ. ಬೇಕಲದ ಕೋಟೆಯನ್ನು ಕುರಿತು, ಕುಂಬಳೆಯ ಅರಸು ಮನೆತನವನ್ನು ಕುರಿತು ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ಆದರೆ ನಮ್ಮ ಪ್ರತಿಯೊಬ್ಬರ ಕೈಗೂ ದಿನನಿತ್ಯ ಸಿಕ್ಕುವ, ಆದರೂ ನಾವು ಚರಿತ್ರೆಯೆಂದು ಓದದೆ ಬಿಟ್ಟಿರುವ ದಾಖಲೆಗಳು ಕೆಲವುಂಟು. ಅವು ಶಾಲೆಯ ಕಚೇರಿಯ ಕಪಾಟಿನಲ್ಲಿರುವ ಪ್ರವೇಶ ರಿಜಿಸ್ಟರು, ಅಂಕಗಳ ರಿಜಿಸ್ಟರು, ಟಿ.ಸಿ. ಪುಸ್ತಕ ಮತ್ತು ಬಹುಮಾನಗಳ ಪುಸ್ತಕ. ಒಂದು ಊರು ತನ್ನ ಮಕ್ಕಳಲ್ಲಿ ಯಾವುದನ್ನು ಮೆಚ್ಚಿತು, ಯಾವುದಕ್ಕೆ ಬಹುಮಾನ ಕೊಟ್ಟಿತು ಎಂಬುದು ಅವುಗಳಲ್ಲಿದೆ. ಪ್ರಕೃತ ಲೇಖನದಲ್ಲಿ ಆ ಒಂದು ವಿಷಯವನ್ನು ಮಾತ್ರ ಎತ್ತಿಕೊಂಡಿದ್ದೇನೆ. ಶಾಲೆ ಬಿಟ್ಟು ಹೋಗುವ ವಿದ್ಯಾರ್ಥಿಗೆ ನಮ್ಮ ನಾಡಿನಲ್ಲಿ ಗೌರವವು ಹೇಗೆ ಸಲ್ಲುತ್ತ ಬಂತು, ಆ ಗೌರವದ ಅಳತೆಗೋಲು ಹೇಗೆ ಬದಲಾಯಿತು ಎಂಬುದೇ ಆ ವಿಷಯ.

ಘಟಿಕೆ ಎಂಬ ಮಾತು

ವಿಶ್ವವಿದ್ಯಾನಿಲಯಗಳ ಪದವೀಪ್ರದಾನಕ್ಕೆ ನಾವು ಘಟಿಕೋತ್ಸವವೆಂದು ಹೇಳುತ್ತೇವೆ. ಘಟಿಕೆ, ಘಟಿಕಾಸ್ಥಾನ ಎಂಬುವು ಹಳೆಯ ವಿದ್ಯಾಕೇಂದ್ರಗಳ ಹೆಸರು. ತಾಳಗುಂದದ ಸ್ತಂಭಶಾಸನದಲ್ಲಿ ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕಾಗಿ ಹೋದ ಸಂಗತಿಯಿದೆ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ ಆತನು ದರ್ಭೆ ಹಿಡಿದಿದ್ದ ಕೈಯಲ್ಲಿ ಖಡ್ಗ ಹಿಡಿದುದನ್ನು ನಾವೆಲ್ಲರೂ ಮಕ್ಕಳಿಗೆ ಪಾಠ ಮಾಡಿದ್ದೇವೆ. ಕ್ರಿ.ಶ. 1058ರ ನಾಗಾವಿಯ ಶಾಸನವು ಘಟಿಕಾಸ್ಥಾನದ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಗ್ರಂಥಭಂಡಾರ ನೋಡಿಕೊಳ್ಳುವವರನ್ನೂ ಹೇಳಿ, ಅವರ ಜೀವನಕ್ಕೆ ಬಿಟ್ಟ ಭೂಮಿಯ ವಿವರವನ್ನು ಕೊಡುತ್ತದೆ. ಕಲಿಯುವವನಿಗೆ ಅನ್ನವಸ್ತ್ರಗಳ ಚಿಂತೆ ಬಾರದಂತೆ ನೋಡಿಕೊಳ್ಳುವುದೇ ಆ ಕಾಲದಲ್ಲಿ ಆತನಿಗೆ ಸಮಾಜವು ತೋರಿಸುತ್ತಿದ್ದ ಮುಖ್ಯವಾದ ಮನ್ನಣೆ.

ದಕ್ಷಿಣ ಕನ್ನಡದ ಹಳ್ಳಿಗಳಿಗೆ ಬಂದರೆ ಐಗಳ ಮಠಗಳ ಕಾಲ ಎದುರಾಗುತ್ತದೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿ, ಬಾಯಿಲೆಕ್ಕ, ಜೈಮಿನಿ ಭಾರತದ ಪದ್ಯಗಳಷ್ಟನ್ನು ಕಲಿತವನು ತೋಟದ ಲೆಕ್ಕ ಬರೆಯಲು ಶಕ್ತನಾದನೆಂದರೆ ಅವನ ಓದು ಮುಗಿದಂತೆ. ಪರೀಕ್ಷೆ ಮಾಡುವವರು ಮನೆಯವರೇ, ಊರವರೇ. ಜಿಲ್ಲೆಯ ಉತ್ತರ ಭಾಗದಲ್ಲಿ ನವರಾತ್ರಿಯ ಕಾಲಕ್ಕೆ ಮಕ್ಕಳು ಐಗಳೊಡನೆ ಹೂವಿನಕೋಲು ಹಿಡಿದು ಮನೆಮನೆಗೆ ಹೋಗಿ ಹಾಡಿ, ಅರ್ಥ ಹೇಳುತ್ತಿದ್ದರು. ಕಾಣಿಕೆ ಐಗಳಿಗೆ ಸಲ್ಲುತ್ತಿತ್ತು. ಹೊಗಳಿಕೆ ಮಕ್ಕಳಿಗೆ ಸಲ್ಲುತ್ತಿತ್ತು. ಇದನ್ನು ನಮ್ಮ ಕಡೆಯ ಮೊದಲ ಶಾಲಾ ವಾರ್ಷಿಕೋತ್ಸವವೆಂದು ಹೇಳಿದರೆ ತಪ್ಪಾಗಲಾರದು.

ಮೆಟ್ರಿಕ್ಯುಲೇಶನ್

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದ ಬಳಿಕ ಕಾಗದದ ಮೇಲಿನ ಪರೀಕ್ಷೆಯ ದಿನಗಳು ಹತ್ತಿರವಾದುವು. 1857ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಅದೇ ವರ್ಷ ನಡೆದ ಮೊದಲನೆಯ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕುಳಿತವರು 41 ಮಂದಿ, ತೇರ್ಗಡೆಯಾದವರು 36 ಮಂದಿ. ಮರುವರ್ಷದ ಮೊದಲನೆಯ ಬಿ.ಎ. ಪರೀಕ್ಷೆಯಲ್ಲಿ ಪದವಿ ಪಡೆದವರು ಜಾಫ್ನಾ ಕಡೆಯ ಇಬ್ಬರೇ. ಅಷ್ಟು ದೊಡ್ಡ ಪ್ರಾಂತಕ್ಕೆ ಇಷ್ಟು ಸಣ್ಣ ಸಂಖ್ಯೆಯಿದ್ದ ಕಾಲದಲ್ಲಿ ಮೆಟ್ರಿಕ್ ಪಾಸಾದವನ ಹೆಸರು ಹತ್ತೂರಿಗೆ ಗೊತ್ತಾಗುತ್ತಿದ್ದುದು ಆಶ್ಚರ್ಯವಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮೆಟ್ರಿಕ್ಯುಲೇಶನ್ ಎಂಬುದು ಶಾಲೆಯನ್ನು ಬಿಡುವ ಪರೀಕ್ಷೆಯಲ್ಲ, ಕಾಲೇಜನ್ನು ಸೇರುವ ಪರೀಕ್ಷೆ. ಕಾಲೇಜಿಗೆ ಹೋಗುವ ಕೆಲವರಿಗಾಗಿ ಮಾಡಿದ ಅಳತೆಗೋಲಿನಿಂದಲೇ ಹೋಗಲಾರದ ಬಹುಮಂದಿಯನ್ನೂ ಅಳೆಯುತ್ತಿದ್ದರು. ಅದರಲ್ಲಿ ನಪಾಸಾದವನ ಹತ್ತು ವರ್ಷದ ಓದಿಗೆ ಯಾವ ಕುರುಹೂ ಉಳಿಯುತ್ತಿರಲಿಲ್ಲ.

ಅಳತೆಗೋಲಿಗೆ ಸಿಕ್ಕದ ವಿದ್ವತ್ತಿಗೆ ನಮ್ಮ ತಾಲೂಕಿನಲ್ಲಿಯೇ ದೊಡ್ಡ ಉದಾಹರಣೆಯಿದೆ. ಮಂಜೇಶ್ವರದ ಗೋವಿಂದ ಪೈಗಳು (1883–1963) ಮಂಗಳೂರಿನಲ್ಲಿ ಓದಿ, ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಬಿ.ಎ. ಓದಲು ಹೋದರು. ತಂದೆಯವರ ಮರಣದಿಂದಾಗಿ ಅವರ ಓದು ಅರ್ಧಕ್ಕೆ ನಿಂತಿತು. ಬರೆದಿದ್ದ ಇಂಗ್ಲಿಷ್ ಪರೀಕ್ಷೆಯಲ್ಲಿ ಅವರಿಗೆ ಚಿನ್ನದ ಪದಕವು ಬಂತು, ಪದವಿ ಬರಲಿಲ್ಲ. ಮುಂದೆ ಹಲವು ಭಾಷೆಗಳನ್ನು ಕಲಿತು, ಕಾವ್ಯದಲ್ಲಿಯೂ ಸಂಶೋಧನೆಯಲ್ಲಿಯೂ ನಾಡಿಗೆ ಗುರುವಾದವರು ಕೊನೆಯವರೆಗೂ ಪದವೀಧರರಲ್ಲ. 1949ರಲ್ಲಿ ಮದ್ರಾಸು ಸರಕಾರವು ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದಾಗ ಯಾರೂ ಅವರ ಸರ್ಟಿಫಿಕೇಟನ್ನು ಕೇಳಲಿಲ್ಲ. ನಮ್ಮ ಮಕ್ಕಳ ಮುಂದೆ ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಇಡತಕ್ಕದ್ದು. ಪದಕದ ಕತೆ ಮಾತ್ರ ಹೇಳಿದರೆ ಅರ್ಧ ಸತ್ಯವಾಗುತ್ತದೆ.

ಎಸ್.ಎಸ್.ಎಲ್.ಸಿ. ಬುಕ್ಕು

ಮೆಟ್ರಿಕ್ಯುಲೇಶನ್ನಿನ ಈ ದೋಷವನ್ನು ಕಂಡು ಮದ್ರಾಸು ಪ್ರಾಂತದಲ್ಲಿ 1911ರ ಹೊತ್ತಿಗೆ ಎಸ್.ಎಸ್.ಎಲ್.ಸಿ. ಎಂಬ ಹೊಸ ಯೋಜನೆಯನ್ನು ತಂದರು. ಹೆಸರೇ ಹೇಳುವಂತೆ ಇದು ಶಾಲೆ ಬಿಡುವವನ ಪ್ರಮಾಣಪತ್ರ. ಆರಂಭದ ಯೋಜನೆಯಲ್ಲಿ ಪಾಸು, ಫೇಲು ಎಂಬ ಘೋಷಣೆಯೇ ಇರಲಿಲ್ಲ. ಸರಕಾರಿ ಪರೀಕ್ಷೆಯಲ್ಲಿ ಬಂದ ಅಂಕಗಳ ಜೊತೆಗೆ ಶಾಲೆಯಲ್ಲಿ ಅಧ್ಯಾಪಕರು ಕೊಟ್ಟ ಅಂಕಗಳೂ ಒಂದೇ ಪುಸ್ತಕದಲ್ಲಿ ದಾಖಲಾಗುತ್ತಿದ್ದುವು. ಕಾಲೇಜಿಗೆ ಸೇರಲು ಯಾರು ಅರ್ಹರೆಂಬುದನ್ನು ವಿಶ್ವವಿದ್ಯಾನಿಲಯವು ಬೇರೆಯಾಗಿ ನೋಡಿಕೊಳ್ಳುತ್ತಿತ್ತು. ಅದರಿಂದಲೇ ಹಿರಿಯರು ಫಲಿತಾಂಶ ವಿಚಾರಿಸುವಾಗ ಹುಡುಗನು ಪಾಸೋ ಎಂದು ಕೇಳುವುದಕ್ಕೆ ಬದಲಾಗಿ, ಎಲಿಜಿಬಲ್ ಆಯಿತೋ ಎಂದು ಕೇಳುತ್ತಿದ್ದರು. ಎಲಿಜಿಬಲ್ ಆಗದವನ ಕೈಯಲ್ಲಿಯೂ ಬುಕ್ಕು ಇರುತ್ತಿತ್ತು. ಆತನು ಎಷ್ಟು ಓದಿದ್ದಾನೆ, ಯಾವುದರಲ್ಲಿ ಜಾಣ ಎಂಬುದನ್ನು ಅದು ಹೇಳುತ್ತಿತ್ತು. ಮುಖ್ಯೋಪಾಧ್ಯಾಯರ ರುಜುವಿಗೆ ಆ ಬುಕ್ಕಿನಲ್ಲಿ ಬೆಲೆಯಿತ್ತು.

ಅದೇ 1911ರಲ್ಲಿ ಖಂಡಿಗೆ ಶಂಭಟ್ಟರು ಪೆರಡಾಲದಲ್ಲಿ ಮಹಾಜನ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು. ಇದೇ ಮುಂದೆ ನೀರ್ಚಾಲಿನ ಪ್ರಸಿದ್ಧ ವಿದ್ಯಾಸಂಸ್ಥೆಯಾಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಅಲ್ಲಿಯೇ ಕಲಿತು, ವಿದ್ವಾನ್ ಪರೀಕ್ಷೆ ಮಾಡಿ, ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು. ಹೀಗೆ ಸರಕಾರದ ಬುಕ್ಕು ಒಂದು ಕಡೆ, ಊರ ಮಹಾಜನರ ಪಾಠಶಾಲೆ ಇನ್ನೊಂದು ಕಡೆ, ಎರಡೂ ಸೇರಿ ನಮ್ಮ ಹೈಸ್ಕೂಲುಗಳ ಅಡಿಪಾಯವಾದುವು.

ನನ್ನ ತೀರ್ಥರೂಪರು ಎಸ್.ಎಸ್.ಎಲ್.ಸಿ. ಮುಗಿಸಿದುದು 1956ರ ಮಾರ್ಚಿಯಲ್ಲಿ. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆದುದರಿಂದ ಅವರ ಬುಕ್ಕಿನ ಮೇಲೆ ಮದ್ರಾಸು ಸರಕಾರದ ಹೆಸರಿದೆ. ಅದರ ಬಲದಿಂದ ದೊರೆತ ಅಧ್ಯಾಪಕ ಕೆಲಸದ ಆಜ್ಞೆಯ ಮೇಲೆ ಕೇರಳ ಸರಕಾರದ ಹೆಸರಿದೆ. ಮಾಸಿದ ಆ ಪುಸ್ತಕದಲ್ಲಿ ಅವರ ಎಡಗೈಯ ಮಚ್ಚೆಯ ವಿವರವಿದೆ, ಹುಟ್ಟಿದ ದಿನವಿದೆ, ಶಾಲೆಯಲ್ಲಿ ತೆಗೆದ ಅಂಕಗಳಿವೆ, ಮುಖ್ಯೋಪಾಧ್ಯಾಯರ ದುಂಡಗಿನ ಅಕ್ಷರವಿದೆ. ಗಣಿತದಲ್ಲಿ ಅವರಿಗೆ ಬಂದ ಅಂಕ ಕಡಿಮೆಯೇ. ಅದನ್ನು ಅವರು ನಮ್ಮಿಂದ ಮುಚ್ಚಿಡಲಿಲ್ಲ. “ನೋಡು, ಅಡಗಿಸಲಿಕ್ಕೆ ಇದರಲ್ಲಿ ಜಾಗ ಇಲ್ಲ” ಎಂದು ನಗುತ್ತಿದ್ದರು.

ಕೇರಳದ ದಿನಗಳು

1957ರಲ್ಲಿ ಕಾಸರಗೋಡಿಗೆ ಸರಕಾರಿ ಕಾಲೇಜು ಬಂದುದು ದೊಡ್ಡ ಘಟನೆ. ಅದಕ್ಕೆ ಮೊದಲು ಮುಂದೆ ಓದಬೇಕೆನ್ನುವವನು ಮಂಗಳೂರಿನ ರೈಲು ಹತ್ತಬೇಕಾಗಿತ್ತು. ಅಲ್ಲಿ ಊಟಕ್ಕೂ ವಸತಿಗೂ ನೆಂಟರ ಮನೆ ಹುಡುಕಬೇಕಾಗಿತ್ತು. ಬಹುಮಂದಿಗೆ ಹೈಸ್ಕೂಲಿನ ಕೊನೆಯೇ ಓದಿನ ಕೊನೆ. ಹಾಗಾಗಿ ಬೀಳ್ಕೊಡುಗೆ ಎಂಬ ಮಾತಿಗೆ ಆಗ ಪೂರ್ಣವಾದ ಅರ್ಥವಿತ್ತು. 1958ರ ಕೇರಳ ಶಿಕ್ಷಣ ಕಾಯಿದೆ ಮತ್ತು ಅದರ ಮೇಲಿನ ನಿಯಮಗಳು ಬಂದು ಫಾರಂಗಳ ಲೆಕ್ಕ ಹೋಯಿತು, ತರಗತಿಗಳ ಲೆಕ್ಕ ಬಂತು. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿಯೇ ಪ್ರಶ್ನೆಪತ್ರಿಕೆ ಕೊಡುವ ಪದ್ಧತಿಯು ಮುಂದುವರಿದು ಈಗಲೂ ನಡೆದಿದೆ. ಮಹಾಜನ ಆಯೋಗವು 1967ರಲ್ಲಿ ಕೊಟ್ಟ ವರದಿ, ಅದರ ಸುತ್ತಣ ವಾದವಿವಾದ ಇವೆಲ್ಲ ವಾಚಕರಿಗೆ ತಿಳಿದುವೇ. ಆ ದೊಡ್ಡ ಮಾತುಗಳ ನಡುವೆಯೂ ಪ್ರತಿ ಮಾರ್ಚಿಯಲ್ಲಿ ಮಕ್ಕಳು ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದರೆಂಬುದನ್ನು ಮರೆಯಬಾರದು.

ನಾನು ಪರೀಕ್ಷೆಗೆ ಕುಳಿತುದು 1986ರಲ್ಲಿ. ಆಗ 600ಕ್ಕೆ 210 ಬಂದರೆ ತೇರ್ಗಡೆ. ಇನ್ನೂರಹತ್ತು ಎಂಬ ಸಂಖ್ಯೆಯನ್ನು ಅಕ್ಷರ ಬಾರದ ಅಜ್ಜಿಯಂದಿರೂ ಬಲ್ಲರು. ರಾಜ್ಯಕ್ಕೆ ರ‍್ಯಾಂಕ್ ಬಂದವರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಿದ್ದುವು. ಅವರಲ್ಲಿ ನಮ್ಮಂಥ ಸಣ್ಣ ಶಾಲೆಯವರನ್ನು ನಾವು ನಿರೀಕ್ಷಿಸುತ್ತಲೂ ಇರಲಿಲ್ಲ. ನಮ್ಮ ತರಗತಿಯಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಗೆರೆ ದಾಟಲಿಲ್ಲ. ದಾಟದವರಲ್ಲಿ ಒಬ್ಬನು ಇಂದು ನಮ್ಮ ಶಾಲೆಯ ರಕ್ಷಕ–ಶಿಕ್ಷಕ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವನು. ಬಹುಮಾನ ವಿತರಣೆಯ ದಿನ ವೇದಿಕೆ ಕಟ್ಟುವುದು ಅವನೇ. ವೇದಿಕೆಗೆ ಕರೆದರೆ ಮಾತ್ರ ಬರುವುದಿಲ್ಲ.

ಬಹುಮಾನಗಳ ಪುಸ್ತಕ

ಈಗ ನಮ್ಮ ಶಾಲೆಯ ಬಹುಮಾನಗಳ ಪುಸ್ತಕಕ್ಕೆ ಬರುತ್ತೇನೆ. ನೀಲಿ ಬಟ್ಟೆಯ ರಟ್ಟಿನ ಈ ಪುಸ್ತಕದ ಮೊದಲ ಪುಟಗಳಲ್ಲಿ ಕಾಣುವ ಬಹುಮಾನಗಳು ಹಲವು ವಿಧದವು. ವರ್ಷವಿಡೀ ತಪ್ಪದೆ ಹಾಜರಾದವನಿಗೆ, ದುಂಡಗೆ ಬರೆದವನಿಗೆ, ತರಕಾರಿ ತೋಟ ಮಾಡಿದವನಿಗೆ, ಭಾಷಣಕ್ಕೆ, ಕಾವ್ಯವಾಚನಕ್ಕೆ, ಅಂಕಗಳಿಗೆ. ಮಳೆಗಾಲದಲ್ಲಿ ತೋಡು ದಾಟಿ ಬರುವ ಹುಡುಗನಿಗೆ ಪೂರ್ಣ ಹಾಜರಿಯ ಬಹುಮಾನವೆಂದರೆ ಅದು ಸಣ್ಣದಲ್ಲ. ವರ್ಷಗಳು ಕಳೆದಂತೆ ಇವು ಒಂದೊಂದಾಗಿ ಮರೆಯಾಗಿ, ಕೊನೆಗೆ ಅಂಕಗಳ ಬಹುಮಾನವೊಂದೇ ಉಳಿದುದು ಆ ಪುಟಗಳಿಂದ ಸ್ಪಷ್ಟವಾಗುತ್ತದೆ. ಯಾರೂ ಕುಳಿತು ತೀರ್ಮಾನ ಮಾಡಿದುದಲ್ಲ, ಹಾಗೆಯೇ ಆಯಿತು.

ಅದೇ ಪುಸ್ತಕದಲ್ಲಿ 1962ರ ಒಂದು ದತ್ತಿಯ ವಿವರವಿದೆ. ಊರಿನ ಅಡಿಕೆ ಕೃಷಿಕರೊಬ್ಬರು 250 ರೂಪಾಯಿಗಳನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದ ಎಸ್.ಎಸ್.ಎಲ್.ಸಿ.ಯ ಕನ್ನಡ ವಿಷಯದಲ್ಲಿ ಶಾಲೆಗೆ ಅತ್ಯಧಿಕ ಅಂಕ ತೆಗೆದವರಿಗೆ ಪುಸ್ತಕ ಕೊಡಬೇಕೆಂದು ಕರಾರು ಬರೆದಿದ್ದರು. ತಾವು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ನಲ್ವತ್ತಕ್ಕೂ ಹೆಚ್ಚು ವರ್ಷ ಆ ಬಹುಮಾನವು ತಪ್ಪದೆ ಸಂದಿತು. ನನ್ನ ಹೆಸರು ಅದರಲ್ಲಿಲ್ಲ. ಎರಡು ಅಂಕಗಳಿಂದ ತಪ್ಪಿತು. ಈ ಮಾತನ್ನು ಇಷ್ಟು ವರ್ಷಗಳ ಮೇಲೆಯೂ ಬರೆಯುತ್ತಿದ್ದೇನೆಂದರೆ ಆ ಬಹುಮಾನಕ್ಕೆ ನಮ್ಮಲ್ಲಿದ್ದ ಬೆಲೆಯನ್ನು ವಾಚಕರು ಊಹಿಸಬಹುದು.

2005ರಲ್ಲಿ ಕೇರಳದ ಎಸ್.ಎಸ್.ಎಲ್.ಸಿ.ಗೆ ಗ್ರೇಡು ಪದ್ಧತಿ ಬಂತು. ರ‍್ಯಾಂಕುಗಳು ಹೋದುವು, ಸರ್ಟಿಫಿಕೇಟಿನಲ್ಲಿ ಅಂಕಗಳ ಬದಲು ಎ ಪ್ಲಸ್, ಎ, ಬಿ ಪ್ಲಸ್ ಮುಂತಾದ ಅಕ್ಷರಗಳು ಬಂದುವು. ಒಂದೆರಡು ಅಂಕಗಳಿಗಾಗಿ ಮಕ್ಕಳನ್ನು ಮೇಲೆ ಕೆಳಗೆ ಮಾಡುವುದು ತಪ್ಪೆಂಬ ಉದ್ದೇಶವು ಒಳ್ಳೆಯದೇ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನಮ್ಮ ದತ್ತಿಗೆ ಕಷ್ಟ ಬಂತು. ಅತ್ಯಧಿಕ ಅಂಕ ಯಾರಿಗೆಂದು ತಿಳಿಯುವ ದಾರಿಯೇ ಇಲ್ಲ. ಕನ್ನಡದಲ್ಲಿ ಎ ಪ್ಲಸ್ ಬಂದವರು ಒಂಬತ್ತು ಮಂದಿ. ಬಡ್ಡಿಯನ್ನು ಒಂಬತ್ತು ಪಾಲು ಮಾಡಿದರೆ ಒಬ್ಬರಿಗೆ ಒಂದು ಪೆನ್ನೂ ಬಾರದು. ಎರಡು ಮೂರು ವರ್ಷ ಹೇಗೋ ಹಂಚಿದೆವು. ಆಮೇಲೆ ಬಹುಮಾನ ಪುಸ್ತಕದ ಆ ಕಾಲಂ ಖಾಲಿ ಉಳಿಯಿತು. ಆಗ ನಾನು ಸಹಾಧ್ಯಾಪಕ. ಖಾಲಿ ಬಿಟ್ಟವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಬೇಕು.

ಎ ಪ್ಲಸ್‌ನ ಕಾಲ

ರ‍್ಯಾಂಕು ಹೋದ ಜಾಗಕ್ಕೆ ಸ್ವಲ್ಪ ಕಾಲದಲ್ಲಿಯೇ “ಫುಲ್ ಎ ಪ್ಲಸ್” ಬಂದು ಕುಳಿತಿತು. ಫಲಿತಾಂಶದ ಮರುದಿನವೇ ಪೇಟೆಯ ಮೂಲೆಮೂಲೆಯಲ್ಲಿ ಮಕ್ಕಳ ಭಾವಚಿತ್ರಗಳ ಫ್ಲೆಕ್ಸ್ ಏಳುತ್ತದೆ. ಪಂಚಾಯತಿನವರು, ಕ್ಲಬ್ಬಿನವರು, ಬ್ಯಾಂಕಿನವರು, ಜಾತಿ ಸಂಘದವರು ಒಬ್ಬರ ಹಿಂದೊಬ್ಬರು ಸ್ಮರಣಿಕೆ ಕೊಡುತ್ತಾರೆ. ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಹದಿನಾಲ್ಕು ಸ್ಮರಣಿಕೆಗಳನ್ನು ನಾನೇ ಎಣಿಸಿದ್ದೇನೆ; ಆಕೆಯ ತರಗತಿಯ ಇತರ ಮೂವತ್ತು ಮಂದಿಗೆ ಒಂದೂ ಇಲ್ಲ.

ಈ ಅಳತೆಗೋಲು ಎಷ್ಟು ಸ್ಥಿರವೆಂಬುದಕ್ಕೆ ಅಂಕಿಗಳೇ ಸಾಕ್ಷಿ. 2020ರಲ್ಲಿ ರಾಜ್ಯದಲ್ಲಿ ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಪಡೆದವರು 41,906 ಮಂದಿ. ಕೊರೋನಾ ಕಾರಣ ತರಗತಿಗಳು ಸರಿಯಾಗಿ ನಡೆಯದೆ, ಪ್ರಶ್ನೆಪತ್ರಿಕೆಯಲ್ಲಿ ಆಯ್ಕೆಯನ್ನು ಹೆಚ್ಚಿಸಿದ 2021ರಲ್ಲಿ ಅದು 1,21,318 ಆಯಿತು. ಮರುವರ್ಷ 44,363ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ಮೂರು ಪಾಲು ಜಾಣರಾಗಿ, ಇನ್ನೊಂದು ವರ್ಷದಲ್ಲಿ ಮೊದಲಿನಂತಾದರೆಂದು ನಂಬುವ ಅಧ್ಯಾಪಕರು ಯಾರೂ ಇಲ್ಲ. ಬದಲಾದುದು ಅಳತೆ. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಮಂದಿ ತೇರ್ಗಡೆಯಾಗುತ್ತಿರುವ ದಿನಗಳಲ್ಲಿ ಶಾಲೆ ಬಿಡುವ ಹುಡುಗನಿಗೆ ತಾನು ಏನನ್ನು ಕಲಿತೆನೆಂದು ಹೇಳುವ ಮಾತು ಆ ಕಾಗದದಲ್ಲಿ ಹೆಚ್ಚು ಉಳಿದಿಲ್ಲ.

ಗಡಿನಾಡಿನ ಕನ್ನಡ ಶಾಲೆಗೆ ಇನ್ನೊಂದು ಸಂಕಟವೂ ಉಂಟು. ನಮ್ಮ ಬೀಳ್ಕೊಡುಗೆಯ ದಿನ ಮಕ್ಕಳು ಕಣ್ಣೀರಿಡುವಾಗ ಅಧ್ಯಾಪಕರು ಮನಸ್ಸಿನಲ್ಲಿಯೇ ಎಣಿಸುತ್ತಿರುತ್ತಾರೆ: ಹತ್ತನೆಯ ತರಗತಿಯಿಂದ ಹೋಗುವವರು ಎಷ್ಟು, ಎಂಟನೆಯದಕ್ಕೆ ಬರುವವರು ಎಷ್ಟು. ಜೂನ್ ತಿಂಗಳ ಆರನೆಯ ಕೆಲಸದ ದಿನದ ಹಾಜರಿಯಿಂದ ಡಿವಿಷನ್ನುಗಳೂ ಹುದ್ದೆಗಳೂ ನಿರ್ಣಯವಾಗುತ್ತವೆಂಬುದು ನಮಗೆಲ್ಲ ಗೊತ್ತಿರುವ ವಿಚಾರ. ಕನ್ನಡ ಡಿವಿಷನ್ ಒಂದು ಹೋದರೆ ಅದು ಮರಳಿ ಬರುವುದು ಬಹಳ ಕಷ್ಟ. ಮಕ್ಕಳನ್ನು ಸೇರಿಸಲೆಂದು ಮನೆಗಳಿಗೆ ಹೋದಾಗ ತಂದೆತಾಯಿಯರು ಕೇಳುವ ಮೊದಲ ಪ್ರಶ್ನೆ ಫುಲ್ ಎ ಪ್ಲಸ್ ಎಷ್ಟು ಎಂದೇ. ಬೇರೆ ಯಾವ ಗೌರವವನ್ನೂ ನಾವೇ ಉಳಿಸಿಕೊಳ್ಳದಿದ್ದ ಮೇಲೆ ಅವರಾದರೂ ಇನ್ನೇನನ್ನು ಕೇಳಿಯಾರು?

ಖಾಲಿ ಕಾಲಂ ತುಂಬಿದ ಬಗೆ

ನಾನು ಮುಖ್ಯೋಪಾಧ್ಯಾಯನಾದ ಮೊದಲ ವರ್ಷ ಆ ದತ್ತಿಯಿಟ್ಟವರ ಮಗಳು ಶಾಲೆಗೆ ಬಂದರು. ವಯಸ್ಸು ಎಂಬತ್ತು ಸಮೀಪಿಸಿತ್ತು. “ಮಾಷ್ಟ್ರೇ, ಅಪ್ಪನ ಪುಸ್ತಕ ಈ ಸಲ ಯಾವ ಮಗುವಿಗೆ?” ಎಂದು ಕೇಳಿದರು. ನಾನು ಗ್ರೇಡಿನ ವಿಷಯ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಅಂಕ ಕೊಡುವವರು ಅಂಕ ಕೊಡದಿದ್ದರೆ ನೀವು ಕೊಡಲಿಕ್ಕೆ ಆಗುವುದಿಲ್ಲವೋ? ನೀವೂ ಮಾಷ್ಟ್ರೇ ಅಲ್ಲವೋ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ವರ್ಷದಿಂದ ನಾವು ಒಂದು ಕ್ರಮ ಮಾಡಿದೆವು. ಜನವರಿ ತಿಂಗಳಿನಲ್ಲಿ ಹತ್ತನೆಯ ತರಗತಿಯ ಕನ್ನಡ ಡಿವಿಷನ್ನಿನ ಪ್ರತಿ ವಿದ್ಯಾರ್ಥಿಯೂ ಮನೆಯ ಅಥವಾ ನೆರೆಕರೆಯ ಹಿರಿಯರೊಬ್ಬರ ಬಳಿ ಕುಳಿತು, ಅವರ ಬಾಳಿನ ಅಥವಾ ಊರಿನ ಒಂದು ವಿಚಾರವನ್ನು ಕೇಳಿಕೊಂಡು, ಕನ್ನಡದಲ್ಲಿ ನಾಲ್ಕು ಪುಟ ಬರೆಯಬೇಕು. ಮನೆಮಾತು ತುಳುವಾಗಲಿ, ಕೊಂಕಣಿಯಾಗಲಿ, ಮರಾಠಿಯಾಗಲಿ, ಬ್ಯಾರಿಯಾಗಲಿ, ಮಲೆಯಾಳವಾಗಲಿ, ಕೇಳುವುದು ಆ ಮಾತಿನಲ್ಲಿ, ಬರೆಯುವುದು ಕನ್ನಡದಲ್ಲಿ. ಅಧ್ಯಾಪಕರು ಮೂವರು ಓದಿ, ಒಂದನ್ನು ಆರಿಸುವರು. ಬರೆದವರೆಲ್ಲರ ಬರೆಹಗಳನ್ನೂ ಹೊಲಿಸಿ ರಟ್ಟು ಹಾಕಿ ಗ್ರಂಥಾಲಯದಲ್ಲಿಡುವುದು.

ಮೊದಲ ವರ್ಷ ಪುಸ್ತಕ ಸಂದುದು ಮಲೆಯಾಳ ಮನೆಮಾತಿನ ಒಬ್ಬ ಹುಡುಗಿಗೆ. ಅಜ್ಜಿ ಬೀಡಿ ಕಟ್ಟುತ್ತಿದ್ದ ದಿನಗಳನ್ನು ಕುರಿತು ಆಕೆ ಬರೆದಿದ್ದಳು. ಎಲೆಯನ್ನು ನೆನೆಸಿ ಕತ್ತರಿಸುವ ಬಗೆ, ಕಟ್ಟು ಕಟ್ಟುವ ನೂಲು, ಶನಿವಾರದ ಲೆಕ್ಕ, ಕಟ್ಟುಗಳನ್ನು ತಳ್ಳಿಹಾಕಿದರೆ ಮನೆಗೆ ಬರುವ ಮೌನ, ಎಲ್ಲವೂ ಅದರಲ್ಲಿತ್ತು. ಆಕೆಗೆ ಫುಲ್ ಎ ಪ್ಲಸ್ ಇಲ್ಲ. ಗಣಿತದಲ್ಲಿ ಸಿ ಪ್ಲಸ್. ಪೇಟೆಯ ಯಾವ ಫ್ಲೆಕ್ಸಿನಲ್ಲಿಯೂ ಆಕೆಯ ಚಿತ್ರ ಬರಲಿಲ್ಲ. ವಾರ್ಷಿಕೋತ್ಸವದ ದಿನ ಆ ಬರೆಹವನ್ನು ಆಕೆಯೇ ಓದಿದಳು. ಸಭೆಯಲ್ಲಿದ್ದ ಅಜ್ಜಿಗೆ ಕನ್ನಡ ಪೂರ್ತಿ ತಿಳಿಯದು. ತನ್ನ ಕತೆಯೆಂದು ತಿಳಿಯಿತು. ದತ್ತಿಯ ಮನೆಯ ಹಿರಿಯರು ತಾವೇ ಎದ್ದು ಪುಸ್ತಕ ಕೊಟ್ಟರು. ವರ್ಷಗಳಿಂದ ಖಾಲಿಯಿದ್ದ ಕಾಲಂನಲ್ಲಿ ಅಂದು ಸಂಜೆ ನಾನು ಒಂದು ಹೆಸರು ಬರೆದೆ.

ಕೆಲವು ಸೂಚನೆಗಳು

ಚರಿತ್ರೆಯನ್ನು ಹೇಳಿ ಸುಮ್ಮನಿರುವುದು ಅಧ್ಯಾಪಕನ ಅಭ್ಯಾಸವಲ್ಲವಾದುದರಿಂದ ಬಾಂಧವರ ಮುಂದೆ ಮೂರು ಮಾತುಗಳನ್ನು ಇಡುತ್ತೇನೆ. ಮೊದಲನೆಯದು, ಹಳೆಯ ಬಹುಮಾನ ಪುಸ್ತಕ, ಅಂಕಗಳ ರಿಜಿಸ್ಟರುಗಳನ್ನು ಗೆದ್ದಲಿಗೆ ಬಿಡದೆ, ಪ್ರತಿ ಶಾಲೆಯೂ ಅವುಗಳ ಒಂದು ನಕಲನ್ನು ಮಾಡಿಸಿಡಬೇಕು. ಯಾವ ಮನೆಮಾತಿನ ಮಕ್ಕಳು ಯಾವ ಕಾಲದಲ್ಲಿ ಕನ್ನಡ ಓದಿದರು, ಹೆಣ್ಣುಮಕ್ಕಳು ಎಂದಿನಿಂದ ಬಂದರು ಎಂಬುದಕ್ಕೆ ಇವೇ ಆಧಾರ. ಎರಡನೆಯದು, ಗ್ರೇಡು ಬಂದ ಮೇಲೆ ನಿಂತುಹೋದ ದತ್ತಿಗಳು ನಮ್ಮ ಶಾಲೆಯೊಂದರಲ್ಲಿಯೇ ಇರಲಾರವು. ಅವುಗಳನ್ನು ಇಟ್ಟವರ ಮನೆಯವರನ್ನು ಕಂಡು ಮಾತಾಡಿ, ಹೊಸ ರೀತಿಯಲ್ಲಿ ನಡೆಸಬೇಕು. ಮೂರನೆಯದು, 1911ರ ಬುಕ್ಕಿನ ಒಳ್ಳೆಯ ಅಂಶವನ್ನು ಮರಳಿ ತರುವುದು ನಮ್ಮ ಕೈಯಲ್ಲಿಯೇ ಇದೆ. ಸರಕಾರದ ಸರ್ಟಿಫಿಕೇಟಿನೊಡನೆ ಶಾಲೆಯೂ ಒಂದು ಹಾಳೆ ಕೊಡಬಹುದು. ಅದರಲ್ಲಿ ಆ ಮಗುವನ್ನು ಮೂರು ವರ್ಷ ಕಂಡ ಅಧ್ಯಾಪಕರು ಆತ ಯಾವುದರಲ್ಲಿ ನಂಬತಕ್ಕವನೆಂದು ಎರಡು ಸಾಲು ಕನ್ನಡದಲ್ಲಿ ಬರೆಯಬೇಕು. ಪ್ಲಸ್ ವನ್ ಪ್ರವೇಶಕ್ಕೆ ಅದು ಬೇಡ, ಕೆಲಸಕ್ಕೂ ಯಾರೂ ಕೇಳರು. ಆದರೂ ಬರೆಯುವ ಅಧ್ಯಾಪಕನು ಮಗುವನ್ನು ಒಮ್ಮೆ ಸರಿಯಾಗಿ ನೋಡಬೇಕಾಗುತ್ತದೆ.

ಕಳೆದ ಮಾರ್ಚಿಯಲ್ಲಿ ನಾವು ಮೂವತ್ತೊಂದು ಮಂದಿಗೆ ಆ ಹಾಳೆಗಳನ್ನು ಬರೆದೆವು. ಒಬ್ಬೊಬ್ಬರಿಗೆ ಎರಡು ಸಾಲು ಬರೆಯಲು ನಮಗೆ ನಾಲ್ಕು ಸಂಜೆ ಹಿಡಿಯಿತು. ಕೆಲವರನ್ನು ಕುರಿತು ಏನು ಬರೆಯಬೇಕೆಂದು ತೋಚದೆ, ಮರುದಿನ ತರಗತಿಗೆ ಹೋಗಿ ಅವರನ್ನು ಮಾತಾಡಿಸಿ ಬಂದೆವು. ಅವರು ಶಾಲೆ ಬಿಡುವುದಕ್ಕೆ ಆಗ ಉಳಿದಿದ್ದುದು ಎಂಟೇ ದಿನಗಳು.